‘ನಿಮ್ಮ ಮೇಲಿನವ್ರಿಗೆ ಕೊಡಮ್ಮ ಫೋನು’

ಹೋದ ತಿಂಗಳು ಒಂದು ಮಧ್ಯಾಹ್ನ ಬ್ರೂಸ್‌ಪೇಟೆಯ ನಮ್ಮ ಓಣಿಯ ಅಕ್ಕ ಒಬ್ಬರು ಮೊಬೈಲು, ಪಾಸ್‌ಬುಕ್ಕು, ಆಧಾರ್ ಕಾರ್ಡು ಮೂರನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಅವರದು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ. ಹೊಲಿದ ಪ್ಯಾಂಟುಗಳ ಗಂಟು ಮನೆಗೇ ಬರುತ್ತದೆ, ಪೀಸಿಗಿಷ್ಟು ಅಂತ ಕೂಲಿ. ಬಳ್ಳಾರಿಯ ಜೀನ್ಸ್ ದೇಶವೆಲ್ಲ ಓಡಾಡುತ್ತದೆ, ಅದರ ದಾರ ಕತ್ತರಿಸುವವರು ಓಣಿ ದಾಟುವುದು ಕಡಿಮೆ.

‘ಮೂರು ತಿಂಗಳಾತವ್ವಾ, ಗೃಹಲಕ್ಷ್ಮಿ ದುಡ್ಡು ಬಂದಿಲ್ಲ. ಬ್ಯಾಂಕಿಗೆ ಹೋದ್ರೆ ಫೋನ್ ಮಾಡು ಅಂತಾರ, ಫೋನ್ ಮಾಡಿದ್ರೆ ಬ್ಯಾಂಕಿಗೆ ಹೋಗು ಅಂತಾರ. ನೀನು ಪೇಪರ್‌ನಾಕಿ, ನೀನೇ ಮಾತಾಡು’ ಅಂದರು.

ಬ್ಯಾಂಕಿನ ಟೋಲ್ ಫ್ರೀ ನಂಬರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆವು. ಮೊದಲು ಹಿಂದಿ, ಆಮೇಲೆ ಇಂಗ್ಲಿಷ್, ಅದಾದ ಮೇಲೆ ಕನ್ನಡದ ಗುಂಡಿ. ಸಾಲ ಬೇಕೇ, ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳಿದ ಮೇಲೆ ಸಂಗೀತ. ಹದಿನಾಲ್ಕು ನಿಮಿಷ ಕಳೆದು ಒಬ್ಬ ಹುಡುಗಿ ಬಂದಳು. ಕನ್ನಡದವಳೇ. ‘ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?’

ಅಕ್ಕ ನನ್ನ ಕೈಯಿಂದ ಫೋನ್ ಕಸಿದುಕೊಂಡರು. ‘ನನ್ನ ದುಡ್ಡು ಈಗಿಂದೀಗ ಹಾಕು. ಇಲ್ಲ ಅಂದ್ರೆ ನಾನು ಫೋನ್ ಇಡಲ್ಲ.’ ಹುಡುಗಿ ಅಕೌಂಟ್ ನಂಬರ್ ಕೇಳಿದಳು, ಹುಟ್ಟಿದ ದಿನಾಂಕ ಕೇಳಿದಳು, ‘ನಿಮ್ಮ ಖಾತೆಗೆ ಯಾವುದೇ ಜಮೆ ಬಂದಿಲ್ಲ ಮೇಡಂ, ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಅಂದಳು. ‘ಬಂದಿಲ್ಲ ಅಂತ ನಂಗೂ ಗೊತ್ತೈತೆ. ಯಾಕ ಬಂದಿಲ್ಲ?’ ‘ಅದು ನಮ್ಮ ಕಡೆಯಿಂದ ಅಲ್ಲ ಮೇಡಂ.’ ‘ಮತ್ಯಾರ ಕಡೆಯಿಂದ?’ ‘ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಿ ಮೇಡಂ.’ ‘ನೀನು ಸಂಬಳ ತಗೊಳ್ತೀಯೋ ಇಲ್ವೋ? ನಿಮ್ಮ ಮೇಲಿನವ್ರಿಗೆ ಕೊಡಮ್ಮ ಫೋನು!’

ಮತ್ತೆ ಸಂಗೀತ. ಆಮೇಲೆ ಕಾಲ್ ಕಟ್ಟಾಯಿತು. ಅಕ್ಕ ಆ ಹುಡುಗಿಗೆ, ಅವಳ ಬ್ಯಾಂಕಿಗೆ, ಸರ್ಕಾರಕ್ಕೆ ಸೇರಿಸಿ ಒಂದು ಸುತ್ತು ಬೈದರು. ನಾನು ಸುಮ್ಮನೆ ಕೂತಿದ್ದೆ. ಏಕೆಂದರೆ ಆ ಹುಡುಗಿಯ ಕುರ್ಚಿಯಲ್ಲಿ ನಾನೂ ಹನ್ನೊಂದು ತಿಂಗಳು ಕೂತಿದ್ದವಳು.

ಹೆಡ್‌ಸೆಟ್ಟಿನ ಈ ಕಡೆ

ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಕೈಯಲ್ಲಿ ಸರ್ಟಿಫಿಕೇಟು ಹಿಡಿದು ಬೆಂಗಳೂರಿಗೆ ಹೋದಾಗ ಯಾವ ಪತ್ರಿಕೆಯೂ ಕರೆಯಲಿಲ್ಲ. ಕರೆದದ್ದು ಒಂದು ಬ್ಯಾಂಕಿನ ಕಾಲ್ ಸೆಂಟರು. ಬ್ಯಾಂಕಿನದು ಅನ್ನುವುದೂ ತಪ್ಪು. ಬ್ಯಾಂಕು ಗುತ್ತಿಗೆ ಕೊಟ್ಟಿದ್ದ ಕಂಪನಿಯದು. ನಮ್ಮ ಕೊರಳಿನ ಐಡಿ ಕಾರ್ಡಿನಲ್ಲಿ ಕಂಪನಿಯ ಹೆಸರು, ಬಾಯಲ್ಲಿ ಬ್ಯಾಂಕಿನ ಹೆಸರು. ದಿನಕ್ಕೆ ಎಂಬತ್ತು ತೊಂಬತ್ತು ಕರೆ. ಪ್ರತಿ ಕರೆ ಎಷ್ಟು ಸೆಕೆಂಡಿನಲ್ಲಿ ಮುಗಿಯಿತು ಎಂಬುದಕ್ಕೆ ಲೆಕ್ಕ. ಶೌಚಕ್ಕೆ ಎದ್ದರೂ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಏಳಬೇಕು.

ಹೊರಗಿನವರಿಗೆ ತಿಳಿಯದ ಸಂಗತಿಯೊಂದಿದೆ. ನಮ್ಮ ಕೈಯಲ್ಲಿ ಅಧಿಕಾರ ಬಹಳ ಕಡಿಮೆ ಇರುತ್ತಿತ್ತು. ಕಾರ್ಡ್ ಬ್ಲಾಕ್ ಮಾಡಬಹುದಿತ್ತು, ಬಾಕಿ ಹೇಳಬಹುದಿತ್ತು, ದೂರು ಬರೆದುಕೊಂಡು ನಂಬರ್ ಕೊಡಬಹುದಿತ್ತು, ಕ್ಷಮೆ ಕೇಳಬಹುದಿತ್ತು. ಗ್ರಾಹಕರ ಶಾಖೆಯ ಮ್ಯಾನೇಜರಿಗೆ ನಾವೇ ಫೋನ್ ಮಾಡುವಂತಿರಲಿಲ್ಲ. ನಾವು ಬರೆದ ದೂರು ಯಾರ ಮೇಜಿಗೆ ಹೋಯಿತು, ಏನಾಯಿತು ಎಂಬುದು ನಮಗೆ ಕಾಣುತ್ತಿರಲಿಲ್ಲ. ಗ್ರಾಹಕರು ‘ಬ್ಯಾಂಕಿನ ಜೊತೆ ಮಾತಾಡ್ತಿದ್ದೀವಿ’ ಅಂದುಕೊಂಡಿರುತ್ತಿದ್ದರು. ನಾವು ಬ್ಯಾಂಕಿನ ಬಾಗಿಲಿನಲ್ಲಿ ಕೂತ ಕಾವಲುಗಾರರು. ಒಳಗಿನ ಕೋಣೆಯ ಬೀಗದ ಕೈ ನಮ್ಮ ಹತ್ತಿರ ಇರಲಿಲ್ಲ.

ತರಬೇತಿಯಲ್ಲಿ ಒಂದು ಇಡೀ ದಿನ ‘ಅತಿರೇಕದ ಬೇಡಿಕೆ ಇಡುವ ಗ್ರಾಹಕರನ್ನು ನಿಭಾಯಿಸುವುದು ಹೇಗೆ’ ಎಂಬುದಕ್ಕೇ ಮೀಸಲು. ದನಿ ತಗ್ಗಿಸಿ, ನಗುತ್ತಾ ಮಾತಾಡಿ, ಅವರ ಮಾತನ್ನೇ ಮತ್ತೊಮ್ಮೆ ಹೇಳಿ, ಕ್ಷಮೆ ಕೇಳಿ. ಇಷ್ಟೇ ಪಾಠ. ಆ ಬೇಡಿಕೆ ನಿಜಕ್ಕೂ ಅತಿರೇಕವೋ ಅಲ್ಲವೋ ಎಂದು ಆ ದಿನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳಬೇಕು ಅನಿಸುತ್ತಿದೆ. ನನ್ನ ಅನುಭವದಲ್ಲಿ ಅಲ್ಲಿ ಬರುತ್ತಿದ್ದ ಜಗಳದ ಕರೆಗಳು ಮೂರು ಬಗೆಯವು. ಮೂರಕ್ಕೂ ಒಂದೇ ಕ್ಷಮೆಯ ಮುಲಾಮು ಹಚ್ಚುವುದರಿಂದಲೇ ಎರಡೂ ಕಡೆಯವರು ಹೈರಾಣಾಗುತ್ತಿದ್ದಾರೆ.

ಒಂದು: ಸರಿಯಾದ ಬೇಡಿಕೆ, ತಪ್ಪು ಬಾಗಿಲು

ನಮ್ಮ ಅಕ್ಕನ ಕರೆ ಈ ಬಗೆಯದು. ‘ನನ್ನ ದುಡ್ಡು ಈಗಿಂದೀಗ ಹಾಕು’ ಎಂಬುದು ಬ್ಯಾಂಕಿನವರ ಕಿವಿಗೆ ಅತಿರೇಕ. ಅದು ಸರ್ಕಾರ ಕೊಡುವ ಹಣ, ಬ್ಯಾಂಕು ಹಾಕುವುದಲ್ಲ. ಆದರೆ ಅಕ್ಕನ ಕಡೆಯಿಂದ ನೋಡಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಕೊಟ್ಟ ಯೋಜನೆ, ತಿಂಗಳಿಗೆ 2000 ರೂಪಾಯಿ, ಮನೆಯ ಯಜಮಾನಿಯ ಖಾತೆಗೇ ನೇರ ಬರುತ್ತದೆ ಎಂದು ಹೇಳಿದ್ದಾರೆ. ಖಾತೆ ಇರುವುದು ಬ್ಯಾಂಕಿನಲ್ಲಿ. ಬರಲಿಲ್ಲ ಅಂದರೆ ಯಾರನ್ನು ಕೇಳಬೇಕು?

ಈ ಹಣ ಬರುವ ದಾರಿ ತಿಳಿದವರು ನಮ್ಮ ಕಡೆ ಕಡಿಮೆ. ನೇರ ನಗದು ವರ್ಗಾವಣೆ ಹೋಗುವುದು ಅಕೌಂಟ್ ನಂಬರ್ ಹಿಡಿದಲ್ಲ, ಆಧಾರ್ ನಂಬರ್ ಹಿಡಿದು. ಯಾವ ಆಧಾರಿನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇದೆ. ಆ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು. ನಿಮಗೆ ಮೂರು ಖಾತೆಗಳಿದ್ದು ಮೂರಕ್ಕೂ ಆಧಾರ್ ಕೊಟ್ಟಿದ್ದರೆ, ಕೊನೆಯದಾಗಿ ಪಟ್ಟಿಗೆ ಸೇರಿದ ಬ್ಯಾಂಕಿಗೆ ಹಣ ಹೋಗುತ್ತದೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅದು ಅವರ ಪುಸ್ತಕದ ಮಾತು. ಪಟ್ಟಿಯಲ್ಲಿ ಇದೆಯೇ ಎಂಬುದು ಬೇರೆ ಮಾತು. ಆಧಾರ್ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಯಾವ ಬ್ಯಾಂಕು ಎಂದು ತೋರಿಸುತ್ತದೆ.

ಇಷ್ಟನ್ನು ಆ ಹುಡುಗಿ ಅಕ್ಕನಿಗೆ ನಾಲ್ಕು ಸಾಲಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೆ ಕೊಟ್ಟ ಕಾಗದದಲ್ಲಿ ಇದ್ದದ್ದು ‘ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಿ’ ಎಂಬ ಒಂದು ಸಾಲು. ಅದಕ್ಕಿಂತ ಹೆಚ್ಚು ಮಾತಾಡಿದರೆ ಕರೆಯ ಸಮಯ ಬೆಳೆಯುತ್ತದೆ, ಅವಳ ಅಂಕ ಇಳಿಯುತ್ತದೆ. ನಾನಾಗಿದ್ದರೂ ಅಷ್ಟೇ ಹೇಳಿ ಮುಂದಿನ ಕರೆಗೆ ಹೋಗುತ್ತಿದ್ದೆ.

ಈ ತಪ್ಪು ಬಾಗಿಲು ಎಲ್ಲಿಂದ ಬಂತು? ಸರಿಯಾದ ಬಾಗಿಲುಗಳು ಒಂದೊಂದಾಗಿ ಬೋರ್ಡು ಬದಲಿಸಿದವು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಗೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾಗೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸೇರಿದವು. ಗ್ರಾಮೀಣ ಬ್ಯಾಂಕಿನ ಕಥೆಯಂತೂ ನಮ್ಮೂರಿನದೇ. ತುಂಗಭದ್ರಾ ಗ್ರಾಮೀಣ ಬ್ಯಾಂಕು ಎಂದು ನಮ್ಮ ಹಿರಿಯರು ಕರೆಯುತ್ತಿದ್ದದ್ದು ಪ್ರಗತಿ ಆಯಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕಾವೇರಿಯೊಂದಿಗೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಸೇರಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಗಿದೆ. ಅದರ ಪ್ರಧಾನ ಕಚೇರಿ ಇರುವುದು ಬಳ್ಳಾರಿಯಲ್ಲೇ. ಪಾಸ್‌ಬುಕ್ಕಿನ ಮೇಲೆ ಇಷ್ಟು ಹೆಸರು ಬದಲಾದರೆ, ಸಿರುಗುಪ್ಪದ ಭತ್ತದ ರೈತನಿಗೆ ‘ನನ್ನ ಬ್ಯಾಂಕು ಯಾವುದು’ ಎಂಬ ಪ್ರಶ್ನೆಯೇ ಕಷ್ಟ.

ಹಳೆಯ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹಳೆಯ ಮ್ಯಾನೇಜರುಗಳು ಲುಂಗಿ ಉಟ್ಟವರನ್ನು ಬಾಗಿಲಲ್ಲೇ ನಿಲ್ಲಿಸಿದ್ದನ್ನು ನಮ್ಮಪ್ಪ ನೋಡಿದ್ದಾರೆ. ಆದರೆ ಬೈಯಲಿಕ್ಕಾದರೂ ಅಲ್ಲಿ ಒಂದು ಮುಖ ಇತ್ತು. ಸಂತೆಯಲ್ಲಿ ಸಿಕ್ಕರೆ ನಿಲ್ಲಿಸಿ ಕೇಳಬಹುದಿತ್ತು. ಈಗ ಆ ಮುಖದ ಜಾಗದಲ್ಲಿ ಒಂದು ನಂಬರಿದೆ. ನಂಬರಿನ ಹಿಂದೆ ಇಪ್ಪತ್ತೆರಡು ವಯಸ್ಸಿನ ಹುಡುಗಿ ಇದ್ದಾಳೆ. ಮೂರು ಕಚೇರಿಗಳಿಗೆ ಸೇರಬೇಕಾದ ಸಿಟ್ಟು ಅವಳ ಕಿವಿಗೆ ಬೀಳುತ್ತಿದೆ.

ಎರಡು: ‘ಆಗಲ್ಲ’ ಅನ್ನಲೇಬೇಕಾದ ಬೇಡಿಕೆ

ಎರಡನೆಯ ಬಗೆ ಬೇರೆ. ಒಂದು ರಾತ್ರಿ ಒಬ್ಬ ಗಂಡಸು ಫೋನ್ ಮಾಡಿ ಹೆಂಡತಿಯ ಖಾತೆಯಲ್ಲಿ ಎಷ್ಟು ದುಡ್ಡಿದೆ ಹೇಳು ಅಂದ. ಅಕೌಂಟ್ ನಂಬರ್ ಅವನ ಹತ್ತಿರ ಇತ್ತು, ಹುಟ್ಟಿದ ದಿನಾಂಕವೂ ಇತ್ತು. ‘ಖಾತೆದಾರರೇ ಮಾತಾಡಬೇಕು ಸರ್’ ಅಂದೆ. ‘ಅವಳು ನನ್ನ ಹೆಂಡತಿ, ಅವಳ ದುಡ್ಡು ನನ್ನದು’ ಅಂದ. ನಾನು ಒಪ್ಪಲಿಲ್ಲ. ಹತ್ತು ನಿಮಿಷ ಕಿರುಚಾಡಿದ, ಮೇಲಿನವರನ್ನು ಕೇಳಿದ. ಟೀಂ ಲೀಡರ್ ಫೋನ್ ತೆಗೆದುಕೊಂಡು ‘ನಮ್ಮ ಹುಡುಗಿಯ ದನಿ ಸರಿಯಿರಲಿಲ್ಲ, ಕ್ಷಮಿಸಿ ಸರ್’ ಅಂದರು. ಬಾಕಿ ಹೇಳಲಿಲ್ಲ, ಅದು ನಿಜ. ಆದರೆ ಆ ತಿಂಗಳು ನನ್ನ ಅಂಕ ಕಡಿತವಾಯಿತು.

ಆ ಹೆಂಗಸು ಯಾರೋ, ಎಲ್ಲಿದ್ದಾಳೋ. ಗಂಡನ ಕಣ್ಣಿಗೆ ಬೀಳದಂತೆ ನಾಲ್ಕು ಕಾಸು ಇಟ್ಟುಕೊಂಡಿದ್ದಿರಬಹುದು. ಅವಳ ಪರವಾಗಿ ಆ ರಾತ್ರಿ ‘ಆಗಲ್ಲ’ ಅಂದದ್ದು ನಾನು ಆ ಹನ್ನೊಂದು ತಿಂಗಳಲ್ಲಿ ಮಾಡಿದ ಅತಿ ಒಳ್ಳೆಯ ಸೇವೆ ಎಂದು ಇಂದಿಗೂ ಅಂದುಕೊಂಡಿದ್ದೇನೆ. ಕಂಪನಿಯ ಲೆಕ್ಕದಲ್ಲಿ ಅದು ಕೆಟ್ಟ ಕರೆ. ‘ಆಗಲ್ಲ’ ಎನ್ನುವುದೂ ಸೇವೆಯೇ ಎಂಬುದನ್ನು ಯಾವ ತರಬೇತಿಯೂ ಕಲಿಸುವುದಿಲ್ಲ. ಬದಲಿಗೆ ‘ಪ್ರಯತ್ನಿಸುತ್ತೇವೆ’, ‘ಮುಂದಕ್ಕೆ ಕಳಿಸಿದ್ದೇವೆ’, ‘48 ಗಂಟೆ ಕಾಯಿರಿ’ ಎಂದು ಹೇಳಿಸುತ್ತದೆ. ಆಗದ ಕೆಲಸಕ್ಕೆ 48 ಗಂಟೆ ಕಾದವನು ನಲವತ್ತೊಂಬತ್ತನೆಯ ಗಂಟೆಗೆ ಫೋನ್ ಮಾಡಿ ಬೈಯದೆ ಏನು ಮಾಡುತ್ತಾನೆ?

ಇದರಲ್ಲೇ ಇನ್ನೊಂದು ಕೊಳಕಿದೆ. ದಂಡ ಮತ್ತು ಶುಲ್ಕಗಳ ವಿಷಯ. ಖಾತೆಯಲ್ಲಿ ಕನಿಷ್ಠ ಬಾಕಿ ಇಲ್ಲ ಅಂತ ಹಣ ಕಡಿತ ಮಾಡಿದಾಗ ಜನ ಫೋನ್ ಮಾಡುತ್ತಿದ್ದರು. ನಮಗಿದ್ದ ಸೂಚನೆ ಹೀಗಿತ್ತು: ಮೊದಲ ಸಲ ಇಲ್ಲ ಅನ್ನಿ. ಎರಡನೇ ಸಲವೂ ಇಲ್ಲ ಅನ್ನಿ. ಮೇಲಿನವರನ್ನು ಕೇಳಿದರೆ, ಖಾತೆ ಮುಚ್ಚುತ್ತೇನೆ ಅಂದರೆ, ಟೀಂ ಲೀಡರಿಗೆ ಕೊಡಿ. ಟೀಂ ಲೀಡರಿಗೆ ಆ ದಂಡ ವಾಪಸ್ ಮಾಡುವ ಅಧಿಕಾರ ಇತ್ತು. ಅಂದರೆ ಕಿರುಚಿದವರಿಗೆ ದುಡ್ಡು ವಾಪಸ್ ಬಂತು. ‘ಹೌದೇನಮ್ಮಾ, ಸರಿ ಬಿಡು’ ಎಂದು ಮೆತ್ತಗೆ ಫೋನ್ ಇಟ್ಟ ಮುದುಕನ ದುಡ್ಡು ಹೋಯಿತು.

ಗ್ರಾಹಕರನ್ನು ಅತಿರೇಕಕ್ಕೆ ತಂದವರು ಯಾರು ಎಂಬುದಕ್ಕೆ ನನ್ನ ಉತ್ತರ ಇಲ್ಲಿದೆ. ಮರ್ಯಾದೆಯಿಂದ ಕೇಳಿದರೆ ಸಿಗುವುದಿಲ್ಲ, ಬೈದರೆ ಸಿಗುತ್ತದೆ ಎಂಬ ಪಾಠವನ್ನು ಬ್ಯಾಂಕುಗಳೇ ಜನರಿಗೆ ಕಲಿಸಿವೆ. ಪಾಠ ಕಲಿತ ಮೇಲೆ ‘ಗ್ರಾಹಕರು ಒರಟಾಗಿದ್ದಾರೆ’ ಎಂದು ಸಿಬ್ಬಂದಿಗೆ ತರಬೇತಿ ಕೊಡುತ್ತವೆ.

ಅತಿರೇಕ ಎಂಬ ಹಣೆಪಟ್ಟಿಯೂ ಶಾಶ್ವತವಲ್ಲ. ‘ಬಡವರ ಖಾತೆಯಲ್ಲಿ ದುಡ್ಡಿಲ್ಲ ಅಂತ ಇನ್ನಷ್ಟು ದುಡ್ಡು ಕೀಳ್ತೀರಲ್ಲ’ ಎಂದು ಅಂದು ಕೇಳಿದವರು ನಮ್ಮ ಪಟ್ಟಿಯಲ್ಲಿ ‘ಕಷ್ಟದ ಗಿರಾಕಿ’ಗಳು. ಎಸ್‌ಬಿಐ 2020ರ ಮಾರ್ಚಿನಲ್ಲಿ ಉಳಿತಾಯ ಖಾತೆಗಳಿಗೆ ಆ ದಂಡವನ್ನು ಕೈಬಿಟ್ಟಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಕೈಬಿಟ್ಟಿತು. ಅಂದು ಆ ಗಿರಾಕಿಗಳು ಹೇಳಿದ್ದೇ ಇಂದು ಬ್ಯಾಂಕಿನ ನೀತಿ.

ಕನ್ನಡದ ಬೇಡಿಕೆಯೂ ಹೀಗೆಯೇ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಎಸ್‌ಬಿಐ ಶಾಖೆಯ ವಿಡಿಯೊ ನೀವೆಲ್ಲ ನೋಡಿದ್ದೀರಿ. ಕನ್ನಡದಲ್ಲಿ ಮಾತಾಡಿ ಎಂದ ಗ್ರಾಹಕರಿಗೆ ಅಧಿಕಾರಿ ಆಡುವುದಿಲ್ಲ ಎಂದರು. ಮುಖ್ಯಮಂತ್ರಿಯವರೇ ಖಂಡಿಸಿದರು, ಅಧಿಕಾರಿಯ ವರ್ಗಾವಣೆಯಾಯಿತು. ಕೌಂಟರಿನ ಅರ್ಜಿ, ಚಲನ್‌ಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕನ್ನಡ ಕೇಳುವುದು ಅತಿರೇಕ ಅಲ್ಲವೇ ಅಲ್ಲ. ಆದರೆ ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಕೂತ, ಕನ್ನಡ ಬರುತ್ತದೆ ಎಂದು ಯಾರೂ ಕೆಲಸಕ್ಕೆ ತೆಗೆದುಕೊಳ್ಳದ ಹುಡುಗನನ್ನು ‘ಕರ್ನಾಟಕದ ಅನ್ನ ತಿಂತೀಯಾ’ ಎಂದು ಬೈದರೆ ನಮ್ಮ ಬಾಣ ತಪ್ಪಿತು. ಕನ್ನಡದ ಕರೆಗೆ ಕನ್ನಡದವರನ್ನು ನೇಮಿಸದ ತೀರ್ಮಾನ ಅವನದಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಎಷ್ಟು ಮಂದಿ ಕುರುಗೋಡು, ಕಂಪ್ಲಿ, ಸಂಡೂರಿನಲ್ಲಿದ್ದಾರೆ? ಕನ್ನಡದ ಜೊತೆ ತೆಲುಗು, ಉರ್ದು ಮಾತಾಡುವ ಮಕ್ಕಳು ಬಳ್ಳಾರಿಯ ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಆ ಕುರ್ಚಿಗಳನ್ನು ಇಲ್ಲಿಗೇ ತನ್ನಿ ಎಂದು ಕೇಳಬೇಕಾದದ್ದು ಬ್ಯಾಂಕಿನ ಆಡಳಿತವನ್ನು.

ಮೂರು: ಬೇಡಿಕೆಯೇ ಅಲ್ಲದ್ದು

ಮೂರನೆಯದನ್ನು ಬೇಡಿಕೆ ಎಂದು ಕರೆಯುವುದೇ ತಪ್ಪು. ರಾತ್ರಿ ಪಾಳಿಯಲ್ಲಿ ಹೆಣ್ಣು ದನಿ ಕೇಳಿದ ತಕ್ಷಣ ‘ನಿನ್ನ ನಂಬರ್ ಕೊಡು’, ‘ಎಲ್ಲಿರ್ತೀಯಾ’ ಎಂದು ಶುರುವಾಗುವ ಕರೆಗಳು. ಆಮೇಲಿನದನ್ನು ಬರೆಯಲಾರೆ. ಆಗಲೂ ನಾವು ಫೋನ್ ಇಡುವಂತಿರಲಿಲ್ಲ. ‘ನಿಮ್ಮ ಖಾತೆಗೆ ಸಂಬಂಧಿಸಿದಂತೆ ಬೇರೆ ಏನಾದರೂ ಸಹಾಯ ಬೇಕೇ ಸರ್?’ ಎಂದು ಕೇಳಬೇಕಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಸಿರುಗುಪ್ಪ ಕಡೆಯ ಹುಡುಗಿ ಇದ್ದಳು. ಒಂದು ರಾತ್ರಿ ಅಂಥ ಕರೆಯನ್ನು ಕಟ್ ಮಾಡಿದಳು. ಮರುದಿನ ಎಚ್ಚರಿಕೆ ಪತ್ರ ಕೊಟ್ಟರು. ಒಂದು ವಾರದಲ್ಲಿ ಕೆಲಸ ಬಿಟ್ಟು ಊರಿಗೆ ಹೋದಳು. ಮನೆಯಲ್ಲಿ ಕಾರಣ ಹೇಳಲಿಲ್ಲ. ‘ಬೆಂಗಳೂರು ಹಿಡಿಸಲಿಲ್ಲ’ ಅಂದಳಂತೆ. ಅದೇ ವರ್ಷ ಅವಳ ಮದುವೆ ಮಾಡಿದರು. ಇದು ನನಗೆ ಇಂದಿಗೂ ಹೊಟ್ಟೆಯಲ್ಲಿ ಉರಿಯುವ ಸಂಗತಿ. ಯಾರೋ ಒಬ್ಬನ ಎರಡು ನಿಮಿಷದ ಚಪಲಕ್ಕೆ ಒಂದು ಹುಡುಗಿಯ ಸಂಬಳದ ದಾರಿಯೇ ಮುಚ್ಚಿತು.

ನಮಗೆ ಅಂದು ಕಾನೂನು ಗೊತ್ತಿರಲಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಸೆಕ್ಷನ್, ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಹೊರಗಿನವರಿಂದಲೂ ಸಿಬ್ಬಂದಿಗೆ ಸುರಕ್ಷತೆ ಕೊಡುವುದು ಮಾಲೀಕರ ಕರ್ತವ್ಯ ಎನ್ನುತ್ತದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು ಅಪರಾಧ. ಹಿಂದೆ ಐಪಿಸಿಯ 509, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್. ಪ್ರತಿ ಕರೆಯೂ ರೆಕಾರ್ಡ್ ಆಗಿರುತ್ತದೆ, ಕರೆ ಮಾಡಿದವನ ಹೆಸರು, ವಿಳಾಸ, ಅಕೌಂಟ್ ನಂಬರ್ ಬ್ಯಾಂಕಿನ ಹತ್ತಿರವೇ ಇರುತ್ತದೆ. ಇಷ್ಟು ಸಾಕ್ಷಿ ಕೈಯಲ್ಲಿಟ್ಟುಕೊಂಡು ಹುಡುಗಿಗೆ ಎಚ್ಚರಿಕೆ ಪತ್ರ ಕೊಡುವುದನ್ನು ಏನೆಂದು ಕರೆಯಬೇಕು?

ಕಿರುಚಲೇಬೇಕಾದ ಕರೆ

ಇಷ್ಟೆಲ್ಲ ಹೇಳಿ, ಗ್ರಾಹಕರು ಮೆತ್ತಗಿರಬೇಕು ಎಂದು ಉಪದೇಶ ಮಾಡಿದರೆ ನಾನು ಸುಳ್ಳುಗಾರ್ತಿ. ಗಡಿಬಿಡಿ ಮಾಡಲೇಬೇಕಾದ ಒಂದು ಕರೆ ಇದೆ. ಖಾತೆಯಿಂದ ದುಡ್ಡು ಕದ್ದಾಗಿನ ಕರೆ.

ಕುರುಗೋಡು ಕಡೆಯ ಮೆಣಸಿನಕಾಯಿ ರೈತರೊಬ್ಬರ ಸುದ್ದಿ ಮಾಡಲು ಹೋಗಿದ್ದೆ. ಬೆಳೆ ಮಾರಿ ಬಂದ ಹಣ ಖಾತೆಯಿಂದ ಮೂರು ಕಂತಿನಲ್ಲಿ ಹೋಗಿತ್ತು. ಮೊದಲ ಮೆಸೇಜ್ ಬಂದಾಗಲೇ ಅವರು ಬ್ಯಾಂಕಿಗೆ ಫೋನ್ ಹಚ್ಚಿದ್ದರು. ಸಾಲದ ಜಾಹೀರಾತು, ಭಾಷೆಯ ಗುಂಡಿ, ಸಂಗೀತ ಮುಗಿಯುವುದರೊಳಗೆ ಇನ್ನೆರಡು ಮೆಸೇಜ್ ಬಂದವು. ‘ಕಳ್ಳ ಮನೆಯೊಳಗಿದ್ದಾನೆ, ನಾನು ಹೊರಗೆ ನಿಂತು ಪಾಡ್ ಹಾಡು ಕೇಳ್ತಿದ್ದೆ ಮೇಡಂ’ ಅಂದರು. ಅವರು ಕೊನೆಗೆ ಸಿಕ್ಕ ಹುಡುಗನಿಗೆ ಬೈದಿದ್ದರೆ ಅದನ್ನು ಅತಿರೇಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ನಿಯಮ ಗ್ರಾಹಕರ ಪರವಾಗಿದೆ, ಓದುಗರು ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಇಂಥ ದೂರು ಕೊಡಲು ಬ್ಯಾಂಕು ಹಗಲು ರಾತ್ರಿ ದಾರಿ ತೆರೆದಿಡಬೇಕು. ತಪ್ಪು ನಿಮ್ಮದಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರಿಂದ ಆದ ಮೋಸ ಎಂದಾದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನದೊಳಗಾದರೆ ಮಿತಿ ಇದೆ, ಜನಧನದಂಥ ಮೂಲ ಖಾತೆಗೆ ಗರಿಷ್ಠ 5000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ. ನೀವೇ ಒಟಿಪಿ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆ. ಹಾಗಾಗಿ ನೀವು ಯಾವ ನಿಮಿಷಕ್ಕೆ ತಿಳಿಸಿದಿರಿ ಎಂಬುದು ದುಡ್ಡಿನ ಪ್ರಶ್ನೆ. ದೂರಿನ ನಂಬರ್ ಪಡೆಯದೆ ಫೋನ್ ಇಡಬೇಡಿ. ಜೊತೆಗೆ 1930ಕ್ಕೆ ಫೋನ್ ಮಾಡಿ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರೂ ಅಂಗಡಿ ಇಟ್ಟಿದ್ದಾರೆ. ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ನಂಬರನ್ನು ಇಂದೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಬೇರೆ ದೂರುಗಳಿಗೂ ಕಿರುಚುವುದಕ್ಕಿಂತ ಗಟ್ಟಿಯಾದ ದಾರಿ ಇದೆ. ಬ್ಯಾಂಕಿಗೆ ಬರೆದು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448.

ನನ್ನದೊಂದು ತಪ್ಪೊಪ್ಪಿಗೆ

ಹೋದ ವರ್ಷ ಒಂದು ಎಟಿಎಂನಲ್ಲಿ 5000 ರೂಪಾಯಿ ತೆಗೆಯಲು ಹೋದೆ. ದುಡ್ಡು ಬರಲಿಲ್ಲ, ಖಾತೆಯಲ್ಲಿ ಕಡಿತವಾಯಿತು. ಸ್ಟ್ರಿಂಗರ್ ಕೆಲಸದ ಸಂಭಾವನೆ ಎಷ್ಟು, ಯಾವಾಗ ಬರುತ್ತದೆ ಎಂಬುದು ಈ ಬ್ಲಾಗಿನ ಓದುಗರಿಗೆ ಹೇಳಬೇಕಾಗಿಲ್ಲ. ಅಂದು ಅಮ್ಮನ ಔಷಧಿ ತರಬೇಕಿತ್ತು. ಫೋನ್ ಮಾಡಿದೆ. ಆ ಕಡೆಯ ಹುಡುಗಿ ‘ಐದು ದಿನದಲ್ಲಿ ವಾಪಸ್ ಬರುತ್ತೆ ಮೇಡಂ’ ಅಂದಳು. ಅವಳು ಹೇಳಿದ್ದು ಸರಿ. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ ಐದು ದಿನದ ಗಡುವು ಕೊಟ್ಟಿದೆ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬೈದೆ. ‘ನಿನ್ನ ಅಮ್ಮನಿಗೆ ಹುಷಾರಿಲ್ಲದಿದ್ರೆ ಐದು ದಿನ ಕಾಯ್ತೀಯಾ?’ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಕರೆ ಮುಗಿದ ಮೇಲೆ ಬಂದ ಮೆಸೇಜಿಗೆ ಐದರಲ್ಲಿ ಒಂದು ಅಂಕ ಕೊಟ್ಟೆ.

ಆ ಒಂದು ಅಂಕ ತಿಂಗಳ ಕೊನೆಗೆ ಯಾರ ಸಂಬಳದಿಂದ ಹೋಗುತ್ತದೆ ಎಂಬುದು ನನ್ನಷ್ಟು ಚೆನ್ನಾಗಿ ಬೇರೆಯವರಿಗೆ ಗೊತ್ತಿರಲಾರದು. ನಾಲ್ಕನೆಯ ದಿನ ದುಡ್ಡು ಬಂತು. ಕೊಟ್ಟ ಅಂಕ ವಾಪಸ್ ತೆಗೆದುಕೊಳ್ಳುವ ಗುಂಡಿ ಇರಲಿಲ್ಲ.

ಹಾಗಾಗಿ ನನ್ನ ಬೇಡಿಕೆಗಳನ್ನು ಇಲ್ಲಿ ಇಡುತ್ತೇನೆ, ಅತಿರೇಕ ಅನಿಸಿದರೂ ಪರವಾಗಿಲ್ಲ. ಕರೆ ಎಷ್ಟು ಬೇಗ ಮುಗಿಯಿತು ಎಂದು ಅಳೆಯುವುದನ್ನು ಬಿಟ್ಟು, ಅದೇ ಸಮಸ್ಯೆಗೆ ಗ್ರಾಹಕರು ಮತ್ತೆ ಫೋನ್ ಮಾಡಬೇಕಾಯಿತೇ ಎಂದು ಅಳೆಯಿರಿ. ದಂಡ ವಾಪಸ್ ಮಾಡುವ ನಿಯಮವಿದ್ದರೆ ಮೆತ್ತಗೆ ಕೇಳಿದವರಿಗೂ ಅದು ಸಿಗಲಿ. ಆಗದ್ದನ್ನು ‘ಆಗಲ್ಲ’ ಎಂದು ಕಾರಣ ಸಮೇತ ಹೇಳಲು ಹುಡುಗರಿಗೆ ಬಿಡಿ. ಸರ್ಕಾರದ ಹಣದ ಬಗ್ಗೆ ಬರುವ ಕರೆಗೆ ಸರಿಯಾದ ಬಾಗಿಲು ಯಾವುದು ಎಂದು ಹೇಳುವ ನಾಲ್ಕು ಸಾಲು ಅವರ ಕಾಗದದಲ್ಲಿ ಸೇರಿಸಿ. ದುಡ್ಡು ಕದ್ದವರ ವಿರುದ್ಧದ ಕರೆಗೆ ಜಾಹೀರಾತಿಲ್ಲದ, ಕಾಯಿಸದ ಬೇರೆಯೇ ಗುಂಡಿ ಮೊದಲಿಗೇ ಇರಲಿ. ಅಸಭ್ಯವಾಗಿ ಮಾತಾಡಿದವನಿಗೆ ಒಂದು ಎಚ್ಚರಿಕೆ ಕೊಟ್ಟು ಫೋನ್ ಇಡುವ ಹಕ್ಕು ಇರಲಿ, ಅಂಥವನಿಗೆ ಬ್ಯಾಂಕೇ ನೋಟಿಸ್ ಕೊಡಲಿ. ನಮ್ಮ ಕಡೆಯಿಂದ ಒಂದೇ ಮಾತು. ಬೈಯುವ ಮೊದಲು, ಈ ಕೆಲಸ ಈ ಹುಡುಗಿಯ ಕೈಯಲ್ಲಿದೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ.

ಅಕ್ಕನ ಕಥೆ ಹೇಳಿ ಮುಗಿಸುತ್ತೇನೆ. ಆಧಾರ್ ವೆಬ್‌ಸೈಟಿನಲ್ಲಿ ನೋಡಿದೆವು. ಅದರಲ್ಲಿ ತೋರಿಸಿದ್ದು ಬೇರೆಯೇ ಬ್ಯಾಂಕು. ಹಿಂದೊಮ್ಮೆ ಜನಧನ ಶಿಬಿರದಲ್ಲಿ ತೆರೆಸಿ ಮರೆತೇಬಿಟ್ಟಿದ್ದ ಖಾತೆ. ಮಗನ ಸ್ಕಾಲರ್‌ಶಿಪ್ಪಿಗೆಂದು ನಾಲ್ಕು ತಿಂಗಳ ಹಿಂದೆ ಅಲ್ಲಿಗೆ ಹೋಗಿ ಕೆವೈಸಿ ಮಾಡಿಸಿ ಬಂದಿದ್ದರು, ಆಧಾರಿನ ದಾರಿ ಅಲ್ಲಿಗೆ ತಿರುಗಿತ್ತು. ಆ ಶಾಖೆಗೆ ಹೋಗಿ ನೋಡಿದರೆ ಮೂರು ಕಂತೂ ಬಂದು ಕೂತಿದ್ದವು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಕೇಳಿದರು: ‘ಆ ಹುಡುಗಿಗೆ ಇನ್ನೊಂದು ಸಲ ಫೋನ್ ಮಾಡವ್ವಾ. ದುಡ್ಡು ಸಿಕ್ತು ಅಂತ ಹೇಳ್ತೀನಿ. ಸುಮ್ಸುಮ್ಕೆ ಬೈದ್ಬಿಟ್ಟೆ.’

‘ಅದೇ ಹುಡುಗಿ ಸಿಗಲ್ಲ ಅಕ್ಕಾ. ಫೋನ್ ಮಾಡಿದ್ರೆ ಬೇರೆ ಯಾರೋ ಎತ್ತುತಾರೆ.’

‘ಹಂಗಾದ್ರೆ ಅವ್ರಿಗೇ ಹೇಳಾಣ’ ಅಂದರು. ಮಾಡಿದೆವು. ಈ ಸಲ ಒಂಬತ್ತು ನಿಮಿಷ ಸಂಗೀತ. ಒಬ್ಬ ಹುಡುಗ ಎತ್ತಿದ. ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಏನು ಬರೆದುಕೊಳ್ಳಬೇಕೆಂದು ತಿಳಿಯದೆ, ‘ಇದು ದೂರೋ, ವಿಚಾರಣೆಯೋ ಮೇಡಂ?’ ಎಂದು ಕೇಳಿದ.